ಊದಿನಕಡ್ಡಿ ಉರಿದು ಮುಗಿಯುವವರೆಗೆ

ವಿಯೆಟ್ನಾಮೀಸ್‌ನಿಂದ ಕನ್ನಡಕ್ಕೆ ಅನುವಾದ ಮಾಡಲು ಕುಳಿತವರು ಹೆಚ್ಚಾಗಿ ಎಡವುವುದು ತೀರ ಸುಲಭವೆಂದು ಕಾಣುವ ಪದಗಳ ಮುಂದೆ. ‘ಜ್ವಿಯೆನ್ ನೊ’ ಎಂಬ ಜೋಡುಪದ ಅಂಥದ್ದೊಂದು. ಪ್ರೇಮಗೀತೆಗಳಲ್ಲಿ, ಕಾದಂಬರಿಗಳಲ್ಲಿ, ಮದುವೆಮನೆಯ ಮಾತುಕತೆಯಲ್ಲಿ ಅದು ಎಲ್ಲೆಲ್ಲೂ ಬರುತ್ತದೆ. ನನ್ನ ಮೊದಲ ಕರಡಿನಲ್ಲಿ ಅದನ್ನು ‘ವಿಧಿ’ ಎಂದು ಬರೆದಿದ್ದೆ. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ಸಂಸ್ಕೃತದ ‘ಪ್ರತ್ಯಯ’ಕ್ಕೆ, ಅಂದರೆ ಒಂದು ಸಂಗತಿ ಘಟಿಸಲು ಒದಗಿಬರುವ ಕಾರಣಕ್ಕೆ, ಬಳಸಿದ ಪದವೇ ವಿಯೆಟ್ನಾಂ ನಾಲಿಗೆಯಲ್ಲಿ ‘ಜ್ವಿಯೆನ್’ ಆಗಿದೆ. ‘ನೊ’ ಎಂದರೆ ಸಾಲ, ಅಂಗಡಿಯಲ್ಲಿ ಉಳಿದ ಬಾಕಿಗೂ ಅದೇ ಮಾತು. ಹಿಂದಿನ ಯಾವುದೋ ಜನ್ಮದಲ್ಲಿ ತೀರದೆ ಉಳಿದದ್ದನ್ನು ತೀರಿಸಲೆಂದು ಇಬ್ಬರು ಈ ಜನ್ಮದಲ್ಲಿ ಜೊತೆಯಾಗುತ್ತಾರೆ ಎಂಬುದು ಅವೆರಡೂ ಸೇರಿದಾಗ ಹುಟ್ಟುವ ಅರ್ಥ. ಕೆಲವು ವಾರಗಳ ನಂತರ ಮನೆಯಲ್ಲಿ ಯಾರದೋ ಸಂಬಂಧ ಮುರಿದುಬಿದ್ದ ಸುದ್ದಿ ಬಂದಾಗ ನನ್ನ ತಾಯಿ, ‘ಅವರಿಬ್ಬರ ಋಣಾನುಬಂಧ ಅಷ್ಟೇ ಇತ್ತು’ ಎಂದರು. ಪದ ಸಿಕ್ಕಿತು. ಋಣವೂ ಬಂಧವೂ ಒಂದೇ ಮಾತಿನಲ್ಲಿ ಕೂಡಿರುವ ಈ ಪದ ನಮ್ಮ ಮನೆಯಲ್ಲೇ ಇದ್ದರೂ ನಾನು ನಿಘಂಟುಗಳಲ್ಲಿ ಹುಡುಕುತ್ತಿದ್ದೆ.

ಈ ಅನುಭವವನ್ನು ಮೊದಲೇ ಹೇಳಲು ಕಾರಣವಿದೆ. ಆಧುನಿಕ ವಿಯೆಟ್ನಾಂನ ಹಾಡು ಮತ್ತು ಕಥೆಗಳ ಮೇಲೆ ಧರ್ಮದ ಪ್ರಭಾವವೇನು ಎಂದು ಕೇಳಿದರೆ, ಬೌದ್ಧ, ಕನ್‌ಫ್ಯೂಷಿಯನ್ ಮತ್ತು ದಾವೋ ಮತಗಳು ಒಂದೇ ಮೂಲದವೆಂಬ ಹಳೆಯ ನಂಬಿಕೆಯನ್ನು ಹೇಳಿ, ಅದಕ್ಕೆ ಕ್ಯಾಥೊಲಿಕ್ ಧರ್ಮವನ್ನು ಸೇರಿಸಿ, ಒಂದೊಂದರ ಕೆಳಗೆ ಒಂದಿಷ್ಟು ಕೃತಿಗಳನ್ನು ಜೋಡಿಸುವುದು ರೂಢಿ. ಅನುವಾದಕನಾಗಿ ನನಗೆ ಈ ವಿಂಗಡಣೆಯಿಂದ ಹೆಚ್ಚಿನ ಉಪಯೋಗವಾಗಿಲ್ಲ. 2019ರ ಜನಗಣತಿಯಲ್ಲಿ ಆ ದೇಶದ ನೂರರಲ್ಲಿ 86 ಜನ ಯಾವ ಧರ್ಮಕ್ಕೂ ಸೇರದವರೆಂದು ದಾಖಲಾಗಿದ್ದಾರೆ, ಆದರೂ ಅವರಲ್ಲಿ ಬಹುಪಾಲು ಜನರ ಮನೆಯಲ್ಲಿ ಹಿರಿಯರ ಪೀಠವಿದೆ. ಅಲ್ಲಿ ಧರ್ಮವು ಹಾಡಿನೊಳಗೆ ಬರುವುದು ಸಿದ್ಧಾಂತದ ಬಾಗಿಲಿನಿಂದಲ್ಲ; ಮನೆಮಾತಿನ ಮೂಲಕ, ಅದರಲ್ಲೂ ಸತ್ತವರೊಂದಿಗೆ ಬದುಕಿರುವವರು ಇಟ್ಟುಕೊಂಡ ವ್ಯವಹಾರದ ಮೂಲಕ.

ಹನೋಯ್‌ನಲ್ಲಿ ಭಾಷೆ ಕಲಿಯುತ್ತಿದ್ದಾಗ ನಾನು ಒಬ್ಬ ವೃದ್ಧೆಯ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಆಕೆಯನ್ನು ನಾನು ಅಜ್ಜಿ ಎನ್ನುತ್ತಿದ್ದೆ, ಆಕೆ ನನ್ನನ್ನು ಮಗು ಎನ್ನುತ್ತಿದ್ದರು. ನಾನು, ನೀನು ಎನ್ನಲು ಆ ಭಾಷೆಯಲ್ಲಿ ಬಳಕೆಯಾಗುವುದು ಬಹುಮಟ್ಟಿಗೆ ನಂಟಿನ ಹೆಸರುಗಳೇ. ಆಕೆಯ ಗಂಡನ ವರ್ಷಾಬ್ದಿಕದ ದಿನ ಪೀಠದ ಮೇಲೆ ಅನ್ನ, ಬೇಯಿಸಿದ ಕೋಳಿ, ಒಂದು ಲೋಟ ನೀರು ಮತ್ತು ಅವರು ಸೇದುತ್ತಿದ್ದ ಸಿಗರೇಟಿನ ಒಂದು ಪ್ಯಾಕು ಇಟ್ಟರು. ಮೂರು ಊದಿನಕಡ್ಡಿ ಹಚ್ಚಿ, ಮೊಮ್ಮಗ ಪರೀಕ್ಷೆ ಪಾಸಾದುದನ್ನೂ ಮಾಳಿಗೆ ಸೋರುತ್ತಿರುವುದನ್ನೂ ಮೆಲ್ಲಗೆ ವರದಿ ಮಾಡಿದರು. ಕಡ್ಡಿ ಉರಿದು ಮುಗಿಯುವವರೆಗೆ ಯಾರೂ ಊಟಕ್ಕೆ ಕೈ ಹಾಕುವಂತಿಲ್ಲ, ಏಕೆಂದರೆ ಅಷ್ಟು ಹೊತ್ತು ಅವರು ಊಟ ಮಾಡುತ್ತಿರುತ್ತಾರೆ. ಆ ಅರ್ಧ ಗಂಟೆ ಮನೆಯವರೆಲ್ಲ ಸುಮ್ಮನೆ ಕಾದು ಕುಳಿತಿದ್ದರು. ವಿಯೆಟ್ನಾಂ ಹಾಡುಗಳಲ್ಲಿ ಉತ್ತರ ಬಾರದಿದ್ದರೂ ‘ನೀನು’ ಎಂದು ಮಾತಾಡಿಸುತ್ತಲೇ ಇರುವ ದನಿಯೊಂದು ಕೇಳುತ್ತದೆಯಲ್ಲ, ಅದು ಎಲ್ಲಿಂದ ಬಂದದ್ದೆಂದು ನನಗೆ ತಿಳಿದದ್ದು ಅಂದು.

ಆ ದನಿಯನ್ನು ಎಲ್ಲರಿಗಿಂತ ಆಳವಾಗಿ ಬಳಸಿದವರು ಗೀತರಚನಕಾರ ಟ್ರಿನ್ ಕಾಂಗ್ ಸೊನ್ (1939–2001). ಹಳೆಯ ರಾಜಧಾನಿ ಹ್ವೆಯ ಬೌದ್ಧ ವಾತಾವರಣದಲ್ಲಿ ಬೆಳೆದು, ಸೈಗಾನ್‌ನ ಫ್ರೆಂಚ್ ಶಾಲೆಯಲ್ಲಿ ತತ್ವಶಾಸ್ತ್ರ ಓದಿದ ಇವರ ಹಾಡುಗಳಲ್ಲಿ ‘ಕಿಯೆಪ್’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಸಂಸ್ಕೃತದ ‘ಕಲ್ಪ’ವು ಚೀನೀ ಭಾಷೆಯನ್ನು ಹಾದು ಅಲ್ಲಿ ‘ಕಿಯೆಪ್’ ಆಯಿತು. ಹಾಗೆಯೇ ‘ಕ್ಷಣ’ವು ‘ಸತ್ ನಾ’ ಆಯಿತು, ‘ಶಾಕ್ಯ’ದ ಮೊದಲ ಅಕ್ಷರವು ‘ಥಿಚ್’ ಎಂದಾಗಿ ಭಿಕ್ಷುಗಳ ಹೆಸರಿನ ಮುಂದೆ ನಿಂತಿತು. ಆದರೆ ನಮ್ಮ ಪದವೇ ಮರಳಿ ಬಂದಿದೆಯೆಂದು ಹಿಗ್ಗಿ ‘ಕಲ್ಪ’ ಎಂದು ಬರೆದರೆ ಹಾಡು ಕೆಡುತ್ತದೆ. ಕೋಟ್ಯಂತರ ವರ್ಷಗಳ ಕಲ್ಪವು ಅಲ್ಲಿನ ಜನರ ಬಾಯಲ್ಲಿ ಒಬ್ಬ ಮನುಷ್ಯನ ಒಂದು ಬಾಳಿನ ಅಳತೆಗೆ ಕುಗ್ಗಿದೆ, ಹಾಗಾಗಿ ಕನ್ನಡದಲ್ಲಿ ಅದು ‘ಜನ್ಮ’, ಕೆಲವು ಕಡೆ ಬರೀ ‘ಬಾಳು’.

ಸೊನ್ ಅವರ ಇನ್ನೊಂದು ಪ್ರಸಿದ್ಧ ಹಾಡಿನ ಹೆಸರೇ ‘ಕಾತ್ ಬುಯ್’, ಎಂದರೆ ಮರಳು ಮತ್ತು ಧೂಳು. ಬೌದ್ಧರ ಮಾತಿನಲ್ಲಿ ಈ ಲೋಕವೇ ಧೂಳಿನ ಲೋಕ. ಕ್ಯಾಥೊಲಿಕರಿಗೆ, ಬೂದಿ ಬುಧವಾರ ಹಣೆಗೆ ಬೂದಿ ಇಡುವಾಗ ಪಾದ್ರಿ ಹೇಳುವ ಮಾತಿನಲ್ಲೂ ಮನುಷ್ಯ ಧೂಳೇ. ಅರವತ್ತರ ದಶಕದ ದಕ್ಷಿಣ ವಿಯೆಟ್ನಾಂನಲ್ಲಿ ಈ ಎರಡೂ ಸಮುದಾಯಗಳ ರಾಜಕೀಯ ಸಂಘರ್ಷ ತೀವ್ರವಾಗಿತ್ತು. 1963ರಲ್ಲಿ ಹ್ವೆಯಲ್ಲಿ ಬುದ್ಧಪೂರ್ಣಿಮೆಯ ದಿನ ಬೌದ್ಧ ಧ್ವಜದ ವಿಷಯಕ್ಕೆ ಗುಂಡು ಹಾರಿ ಜೀವಗಳು ಹೋಗಿದ್ದವು. ಅಂಥ ಕಾಲದಲ್ಲಿ ಇಬ್ಬರೂ ತಮ್ಮದೆಂದು ಕೇಳಬಹುದಾದ ಹಾಡೊಂದು ಇತ್ತು ಎಂಬುದನ್ನು ನಾನು ಸಣ್ಣ ಸಂಗತಿ ಎಂದುಕೊಂಡಿಲ್ಲ. ಕನ್ನಡದಲ್ಲಿ ನಾನು ‘ಮಣ್ಣು’ ಎಂಬ ಪದವನ್ನು ಬೇಕೆಂದೇ ಬಿಟ್ಟು ‘ಧೂಳು’ ಎಂಬುದನ್ನೇ ಉಳಿಸಿಕೊಂಡೆ. ನಮ್ಮಲ್ಲಿ ಮಣ್ಣು ತಾಯಿ, ಮಣ್ಣು ಬೆಳೆ. ಅಲ್ಲಿನ ಧೂಳಿಗೆ ಬೇರಿಲ್ಲ.

ಅನುವಾದದಲ್ಲಿ ಯಾವ ಉಪಾಯದಿಂದಲೂ ಉಳಿಯದ ಒಂದು ಅಂಶವಿದೆ. ವಿಯೆಟ್ನಾಮೀಸ್‌ನಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸ್ವರದ ಏರಿಳಿತವಿರುತ್ತದೆ, ಉತ್ತರದ ನುಡಿಯಲ್ಲಿ ಇಂಥವು ಆರು. ‘ಮಾ’ ಎಂಬ ಒಂದೇ ಸದ್ದನ್ನು ಬೇರೆ ಬೇರೆ ಏರಿಳಿತದಲ್ಲಿ ನುಡಿದರೆ ಅದು ದೆವ್ವ, ತಾಯಿ, ಗೋರಿ, ಸತ್ತವರಿಗಾಗಿ ಸುಡುವ ಕಾಗದದ ಸಾಮಾನು ಅಥವಾ ಭತ್ತದ ಸಸಿ ಆಗಬಹುದು. ಹೀಗಾಗಿ ರಾಗ ಹಾಕುವವರು ಮಾತಿನ ಏರಿಳಿತವನ್ನು ಮೀರುವಂತಿಲ್ಲ, ಮೀರಿದರೆ ಪದವೇ ಬದಲಾಗುತ್ತದೆ. ಆದ್ದರಿಂದ ಪದ್ಯಕ್ಕೆ ರಾಗ ಮೊದಲೇ ಅರ್ಧ ಒಲಿದಿರುತ್ತದೆ. ಆರು ಮತ್ತು ಎಂಟು ಅಕ್ಷರಗಳ ಸಾಲುಗಳನ್ನು ಹೆಣೆಯುವ ‘ಲುಕ್ ಬಾತ್’ ಎಂಬ ಜಾನಪದ ಛಂದಸ್ಸಿನಲ್ಲೇ ಙುಯೆನ್ ಜು (1765–1820) 3,254 ಸಾಲುಗಳ ಕಿಯೂ ಕಾವ್ಯವನ್ನು ಬರೆದರು, ಇಂದಿಗೂ ಹಾಡು ಕಟ್ಟುವವರ ಕಿವಿಯಲ್ಲಿ ಅದೇ ಲಯವಿದೆ. (ಈ ‘ಙುಯೆನ್’ ಎಂಬ ಮನೆತನದ ಹೆಸರನ್ನು ಬರೆಯುವಾಗ ನಮ್ಮ ವರ್ಣಮಾಲೆಯ ಙ ಅಕ್ಷರಕ್ಕೆ ಪದದ ಮೊದಲಲ್ಲೇ ಕೆಲಸ ಸಿಗುತ್ತದೆ ಎಂಬುದು ನನಗೆ ಇಂದಿಗೂ ಸಂತೋಷದ ವಿಷಯ.)

ಕನ್‌ಫ್ಯೂಷಿಯನ್ ಪ್ರಭಾವವನ್ನು ವಿದ್ವಾಂಸರು ನೀತಿಗ್ರಂಥಗಳಿಂದ ವಿವರಿಸುತ್ತಾರೆ, ನಾನು ಒಂದು ಹಾಡಿನಿಂದ ವಿವರಿಸಬಯಸುತ್ತೇನೆ. ಮೆಕಾಂಗ್ ಮುಖಜಭೂಮಿಯ ಬಾಕ್ ಲಿಯುವಿನಲ್ಲಿ ಕಾವ್ ವಾನ್ ಲೌ ಎಂಬ ಸಂಗೀತಗಾರರಿದ್ದರು. ಬಡತನದ ಕಾರಣ ಬಾಲ್ಯದಲ್ಲಿ ಬೌದ್ಧ ದೇವಾಲಯವೊಂದರಲ್ಲಿದ್ದು ಅಕ್ಷರ ಕಲಿತು, ಮುಂದೆ ಪೂಜೆ ಮತ್ತು ಶವಸಂಸ್ಕಾರಗಳಲ್ಲಿ ನುಡಿಸುವ ವಾದ್ಯಸಂಗೀತವನ್ನು ಗುರುಮುಖೇನ ಅಭ್ಯಾಸ ಮಾಡಿದವರು. ಮದುವೆಯಾಗಿ ಮೂರು ವರ್ಷ ಕಳೆದರೂ ಮಕ್ಕಳಾಗದಿದ್ದರೆ ಸೊಸೆಯನ್ನು ತವರಿಗೆ ಕಳಿಸಬೇಕೆಂಬ ಹಳೆಯ ಕನ್‌ಫ್ಯೂಷಿಯನ್ ಕಟ್ಟಳೆಯಂತೆ ಅವರ ತಾಯಿ ಪತ್ನಿಯನ್ನು ಮನೆಯಿಂದ ಕಳಿಸಿದರಂತೆ. ತಾಯಿಯ ಮಾತು ಮೀರುವಂತಿಲ್ಲ, ಹೆಂಡತಿಯನ್ನು ಮರೆಯುವಂತಿಲ್ಲ. ಆ ಸಂಕಟದಲ್ಲಿ 1919ರ ಸುಮಾರಿಗೆ ಹುಟ್ಟಿದ ಇಪ್ಪತ್ತು ಸಾಲಿನ ಹಾಡು ‘ಜಾ ಕೊ ಹ್ವಾಯ್ ಲಾಂಗ್’: ರಾತ್ರಿಯ ನಗಾರಿ ಕೇಳಿ ಗಂಡನನ್ನು ನೆನೆಯುವುದು. ಹೆಂಡತಿಯನ್ನು ಕಳೆದುಕೊಂಡ ಗಂಡಸು ಹಾಡನ್ನು ಕಟ್ಟಿದ್ದು ಗಂಡನಿಗಾಗಿ ಕಾಯುವ ಹೆಂಗಸಿನ ದನಿಯಲ್ಲಿ ಎಂಬುದನ್ನು ಗಮನಿಸಬೇಕು. ಮಗನಾಗಿ ಬಾಯಿ ಬಿಟ್ಟು ಆಡಲಾಗದ ಮಾತನ್ನು ಆಕೆಯ ಬಾಯಿಂದ ಆಡಿಸಿದ್ದಾರೆ. ದಂಪತಿ ಮುಂದೆ ಮತ್ತೆ ಕೂಡಿ, ಮಕ್ಕಳೂ ಆದರು. ಹಾಡು ಮಾತ್ರ ಬೆಳೆಯುತ್ತಲೇ ಹೋಯಿತು: ಸಾಲಿಗೆ ಎರಡು ಪೆಟ್ಟಿನ ತಾಳವಿದ್ದದ್ದು ನಾಲ್ಕಾಗಿ, ಎಂಟಾಗಿ, ಮೂವತ್ತೆರಡರವರೆಗೆ ಹಿಗ್ಗಿ, ದಕ್ಷಿಣದ ರಂಗಸಂಗೀತದ ಜೀವಾಳವಾದ ‘ವೊಂಗ್ ಕೊ’ ಎಂಬ ಗಾನರೂಪವಾಯಿತು. ಕಟ್ಟಳೆಯನ್ನು ಎಲ್ಲಿಯೂ ಹಳಿಯದೆ ಅದರ ನೋವನ್ನು ಪೂರ್ತಿಯಾಗಿ ಹೇಳುವ ಈ ಬಗೆ ಅಲ್ಲಿನ ಇಂದಿನ ಪ್ರೇಮಗೀತೆಗಳಲ್ಲೂ ಇದೆ.

ಕಥಾಸಾಹಿತ್ಯಕ್ಕೆ ಬಂದರೆ, ಅದನ್ನು ಬರೆಯುವ ರೋಮನ್ ಅಕ್ಷರಗಳ ಲಿಪಿಯೇ ಕ್ಯಾಥೊಲಿಕ್ ಮಿಷನರಿಗಳು ಕಟ್ಟಿದ್ದು; ಅವರಲ್ಲೊಬ್ಬರಾದ ಅಲೆಕ್ಸಾಂಡರ್ ದ ರೋಡ್ ಅವರ ನಿಘಂಟು ರೋಮ್‌ನಲ್ಲಿ ಅಚ್ಚಾದದ್ದು 1651ರಲ್ಲಿ. ಆ ಲಿಪಿಯ ಮೊದಲ ಆಧುನಿಕ ಗದ್ಯಕಥನವೆಂದು ಎಣಿಸಲಾಗುವ, ಙುಯೆನ್ ಟ್ರೊಂಗ್ ಕ್ವಾನ್ ಅವರ 1887ರ ಪುಟ್ಟ ಕೃತಿಯು ಅಸೂಯೆಯಿಂದ ಕೊಲೆ ಮಾಡಿದವನೊಬ್ಬನ ಪಾಪನಿವೇದನೆಯ ರೂಪದಲ್ಲಿದೆ. ಒಬ್ಬ ಮನುಷ್ಯ ತನ್ನ ಒಳಗನ್ನು ಇನ್ನೊಬ್ಬನ ಮುಂದೆ ತೆರೆದಿಡುವ ಆ ಕ್ರಮ ಚರ್ಚಿನಿಂದ ಗದ್ಯಕ್ಕೆ ಬಂದದ್ದೆಂದು ನನ್ನ ಭಾವನೆ. 1933ರಲ್ಲಿ ಖೈ ಹುಂಗ್ ಬರೆದ ಕಾದಂಬರಿಯಲ್ಲಿ ತರುಣನೊಬ್ಬ ದೇವಾಲಯದ ಕಿರಿಯ ಭಿಕ್ಷುವಿನತ್ತ ಒಲಿಯುತ್ತಾನೆ, ಆ ಭಿಕ್ಷು ವೇಷ ಮರೆಸಿಕೊಂಡ ಹೆಣ್ಣು. ಓದುಗರಿಗೆ ಇದು ಹೊಸ ಪ್ರೇಮಕಥೆಯಾಗಿ ಕಂಡರೂ ಒಳಗೆ ‘ಚೇವ್’ ಜಾನಪದ ರಂಗಭೂಮಿಯ ಥಿ ಕಿನ್ ಇದ್ದಾಳೆ. ಗಂಡನ ಗಡ್ಡದ ಒಂದು ಕೂದಲನ್ನು ಕತ್ತರಿಸಹೋಗಿ ಕೊಲೆಯ ಆರೋಪ ಹೊತ್ತು, ಗಂಡುವೇಷದಲ್ಲಿ ಸನ್ಯಾಸ ಪಡೆದು, ಅಲ್ಲಿಯೂ ಒಬ್ಬಳ ಬಸಿರಿಗೆ ಕಾರಣನೆಂಬ ಅಪವಾದ ಹೊತ್ತು, ಆ ಮಗುವನ್ನೇ ಸಾಕಿ, ಸತ್ತ ಮೇಲೆ ಕರುಣೆಯ ಬೋಧಿಸತ್ವಳಾದವಳು ಅವಳು.

ಪ್ರಭಾವ ಯಾವಾಗಲೂ ಧರ್ಮದಿಂದ ಸಾಹಿತ್ಯದ ಕಡೆಗೇ ಹರಿಯುತ್ತದೆ ಎಂದುಕೊಳ್ಳುವುದು ತಪ್ಪು. 1962ರಲ್ಲಿ ಭಿಕ್ಷು ಥಿಚ್ ನಾತ್ ಹಾನ್ ತಾಯಿಯ ಬಗ್ಗೆ ಒಂದು ಕಿರುಪ್ರಬಂಧ ಬರೆದರು. ಜಪಾನಿನಲ್ಲಿ ತಾಯಂದಿರ ದಿನದಂದು ಎದೆಗೆ ಹೂ ಸಿಕ್ಕಿಸುವ ಪದ್ಧತಿಯನ್ನು ಕಂಡು, ತಾಯಿ ಇರುವವರು ಕೆಂಪು ಹೂವನ್ನು, ಇಲ್ಲದವರು ಬಿಳಿಯದನ್ನು ಧರಿಸಲಿ ಎಂದರು. ಫಾಮ್ ಥೆ ಮಿ ಅದನ್ನು ಹಾಡಾಗಿಸಿದರು. ಇಂದು ಏಳನೆಯ ತಿಂಗಳ ಹುಣ್ಣಿಮೆಯ ‘ವು ಲಾನ್’ ಹಬ್ಬದಲ್ಲಿ, ಅಂದರೆ ಬುದ್ಧನ ಶಿಷ್ಯ ಮೌದ್ಗಲ್ಯಾಯನನು ತನ್ನ ತಾಯಿಯನ್ನು ಪ್ರೇತಲೋಕದಿಂದ ಬಿಡಿಸಿದ ಕಥೆಯ ಉಲ್ಲಂಬನ ಹಬ್ಬದಲ್ಲಿ, ದೇವಾಲಯಗಳಲ್ಲಿ ಗುಲಾಬಿ ಸಿಕ್ಕಿಸುವುದು ಪುರಾತನ ಆಚರಣೆಯೋ ಎಂಬಷ್ಟು ಸಹಜವಾಗಿದೆ. ಒಂದು ಪ್ರಬಂಧ ಮತ್ತು ಒಂದು ಹಾಡು ಸೇರಿ ಅರವತ್ತು ವರ್ಷಗಳಲ್ಲಿ ಒಂದು ವಿಧಿಯನ್ನೇ ಸೃಷ್ಟಿಸಿವೆ. ಮಾತೃದೇವತೆಯರ ಆರಾಧನೆಯ ಕಥೆಯೂ ಸ್ವಲ್ಪ ಹೀಗೆಯೇ. ಮೂಢನಂಬಿಕೆಯೆಂದು ದಶಕಗಳ ಕಾಲ ತಡೆಹಿಡಿದಿದ್ದ ಈ ಮೈದುಂಬುವ ಆಚರಣೆಯನ್ನು ಙುಯೆನ್ ಸ್ವನ್ ಖಾನ್ 2006ರಲ್ಲಿ ಕಾದಂಬರಿಯ ನಡುಮನೆಗೆ ತಂದರು. 2016ರಲ್ಲಿ ಅದು ಯುನೆಸ್ಕೊ ಪಟ್ಟಿ ಸೇರಿತು. 2019ರಲ್ಲಿ ಹ್ವಾಂಗ್ ಥ್ವಿ ಲಿನ್ ಅವರ ಪಾಪ್ ಹಾಡು ಆ ದೇವತೆಯರ ನಾಲ್ಕು ಅರಮನೆಗಳ ಹೆಸರನ್ನೇ ಹೊತ್ತು ಬಂದಿತು.

ಆದರೆ ಈ ಎಲ್ಲಕ್ಕಿಂತ ಹೆಚ್ಚು ಕಾಲ ನನ್ನನ್ನು ಹಿಡಿದಿಟ್ಟದ್ದು ‘ಹೋನ್’ ಎಂಬ ಪದ. ನಿಘಂಟು ‘ಆತ್ಮ’ ಎನ್ನುತ್ತದೆ. ನಮ್ಮ ಆತ್ಮ ಒಂದು, ಅಳಿವಿಲ್ಲದ್ದು. ಅವರ ಜನಪದ ನಂಬಿಕೆಯಲ್ಲಿ ಮನುಷ್ಯನಿಗೆ ಮೂರು ಹೋನ್‌ಗಳು, ಜೊತೆಗೆ ಗಂಡಿಗೆ ಏಳು, ಹೆಣ್ಣಿಗೆ ಒಂಬತ್ತು ‘ವಿಯಾ’ಗಳು. ಬೆಚ್ಚಿದರೆ ಅವು ಚದುರುತ್ತವೆ, ಹೆಸರು ಹಿಡಿದು ಕರೆದರೆ ಮರಳುತ್ತವೆ. ಮನೆಯಿಂದ ದೂರದಲ್ಲಿ, ಸಂಸ್ಕಾರವಿಲ್ಲದೆ ಸತ್ತವರ ಹೋನ್ ಅನಾಥವಾಗಿ ಅಲೆಯುತ್ತದೆ. ಅವುಗಳಿಗಾಗಿ ಏಳನೆಯ ತಿಂಗಳಲ್ಲಿ ಮನೆಯ ಹೊರಗೆ ತಿಳಿಗಂಜಿ ಇಟ್ಟು, ಅಕ್ಕಿ ಮತ್ತು ಉಪ್ಪನ್ನು ಎರಚುತ್ತಾರೆ. ನಮ್ಮ ತರ್ಪಣದಲ್ಲೂ ತಾಯಿ, ತಂದೆ, ಬಂಧು ಯಾರೂ ಇಲ್ಲದವರಿಗೆಂದು ಒಂದು ಬೊಗಸೆ ನೀರು ಬಿಡುವ ಮಂತ್ರವಿದೆ. ಅದನ್ನು ಬಲ್ಲ ಓದುಗರಿಗೆ ಇಲ್ಲಿ ಅಡಿಟಿಪ್ಪಣಿ ಬೇಡ. ಙುಯೆನ್ ಜು ಅವರು ಈ ಅನಾಥರನ್ನು ಕರೆಯಲೆಂದೇ ಒಂದು ದೀರ್ಘ ಪದ್ಯ ಬರೆದಿದ್ದಾರೆ. ಅದರಲ್ಲಿ ಸೇನಾಪತಿಗಳಿಂದ ಹಿಡಿದು ಸಿಪಾಯಿಗಳು, ವ್ಯಾಪಾರಿಗಳು, ವೇಶ್ಯೆಯರು, ಹಸುಗೂಸುಗಳವರೆಗೆ ಒಬ್ಬೊಬ್ಬರ ಸಾವನ್ನೂ ಹೇಳಿ, ಬಂದು ಗಂಜಿ ಕುಡಿಯಿರಿ ಎಂದು ಕರೆಯುತ್ತಾರೆ.

ಬಾವೊ ನಿನ್ ಅವರ ಯುದ್ಧ ಕಾದಂಬರಿಯನ್ನು ನಾನು ಈ ಪದ್ಯದ ಮಗ್ಗುಲಿಗಿಟ್ಟು ಓದುತ್ತೇನೆ. 1986ರ ಸುಧಾರಣೆಗಳ ನಂತರದ ಮುಕ್ತ ವಾತಾವರಣದಲ್ಲಿ ಹೊರಬಂದು 1991ರಲ್ಲಿ ಲೇಖಕರ ಸಂಘದ ಪ್ರಶಸ್ತಿ ಪಡೆದ ಈ ಕೃತಿಯ ನಾಯಕ ಕಿಯೆನ್, ಯುದ್ಧ ಮುಗಿದ ಮೇಲೆ ಕಾಡಿನಲ್ಲಿ ಸೈನಿಕರ ಅಸ್ಥಿಗಳನ್ನು ಹುಡುಕಿ ಆರಿಸುವ ತಂಡದಲ್ಲಿರುತ್ತಾನೆ. ಅವನ ಪಡೆ ನಾಶವಾದ ಕಾಡಿಗೆ ಸೈನಿಕರು ಇಟ್ಟ ಹೆಸರು ‘ಟ್ರುವೊಂಗ್ ಗೊಯ್ ಹೋನ್’. ಇಂಗ್ಲಿಷ್ ಅನುವಾದದಲ್ಲಿ ಅದು ಚೀರಾಡುವ ಆತ್ಮಗಳ ಕಾಡಾಗಿದೆ. ಆದರೆ ‘ಗೊಯ್ ಹೋನ್’ ಎಂಬುದು ನಿತ್ಯದ ಮಾತಿನಲ್ಲಿ ಬದುಕಿರುವವರು ಮಾಡುವ ಕೆಲಸ, ಮೈಮೇಲೆ ಬರುವವರ ಮೂಲಕ ಸತ್ತವರನ್ನು ಕರೆಸಿ ಮಾತಾಡಿಸುವುದು. ಅಲ್ಲಿ ಸತ್ತವರು ಕೂಗುತ್ತಿದ್ದಾರೆಯೇ, ಅಥವಾ ಉಳಿದ ಒಬ್ಬ ಅವರನ್ನು ಕೂಗುತ್ತಿದ್ದಾನೆಯೇ ಎಂಬುದನ್ನು ಮೂಲ ಬಿಡಿಸಿ ಹೇಳುವುದಿಲ್ಲ, ಇಡೀ ಕಾದಂಬರಿ ನಿಂತಿರುವುದೂ ಆ ಬಿಡಿಸದ ಜಾಗದಲ್ಲಿ. ‘ಆತ್ಮ’, ‘ಪ್ರೇತ’, ‘ಪಿಶಾಚಿ’ ಎಲ್ಲವನ್ನೂ ಬರೆದು ಹೊಡೆದು ಹಾಕಿದ ಮೇಲೆ ನನ್ನ ಕರಡಿನಲ್ಲಿ ಈಗ ಉಳಿದಿರುವುದು ‘ಜೀವ ಕರೆವ ಕಾಡು’. ಕರೆಯುತ್ತಿರುವುದು ಜೀವವೋ, ಜೀವವನ್ನು ಯಾರೋ ಕರೆಯುತ್ತಿದ್ದಾರೋ, ಕನ್ನಡದಲ್ಲೂ ಎರಡೂ ಕೇಳಿಸುತ್ತದೆ.