ಪದ ಪರಿಚಯ: ‘ಮಾಲ್‌ಪ್ರಾಕ್ಟೀಸ್ ವಿಮೆ’ ದುರ್ನಡತೆಯ ವಿಮೆಯಲ್ಲ

ಚಿಕಿತ್ಸೆಯಲ್ಲಾದ ತಪ್ಪಿಗೆ ಪರಿಹಾರ ಕೊಡಬೇಕಾಗಿ ಬಂದೀತೆಂದು ವೈದ್ಯರು ಮಾಡಿಸುವ ಮಾಲ್‌ಪ್ರಾಕ್ಟೀಸ್ ಪಾಲಿಸಿಯನ್ನು ‘ದುರ್ನಡತೆ ವಿಮೆ’ ಎಂದು ಕನ್ನಡಕ್ಕೆ ತರುವುದನ್ನು ಇನ್ನಾದರೂ ನಿಲ್ಲಿಸಬೇಕು. ನಡತೆಗೆಟ್ಟವನಿಗೆ ಯಾವ ಕಂಪನಿಯೂ ವಿಮೆ ಕೊಡುವುದಿಲ್ಲ. ಅಪರಾಧ ಕೃತ್ಯ, ಅಮಲಿನಲ್ಲಿ ಕೊಟ್ಟ ಚಿಕಿತ್ಸೆ, ಕೋರ್ಟು ಹಾಕಿದ ದಂಡ, ಇವೆಲ್ಲ ಪಾಲಿಸಿಯಿಂದ ಹೊರಗಿಟ್ಟ ಸಂಗತಿಗಳು. ಪಾಲಿಸಿ ಯಾವುದಕ್ಕೆ ಹಣ ಕೊಡುವುದಿಲ್ಲವೋ ಅದನ್ನೇ ಅದರ ಹೆಸರಾಗಿ ಇಟ್ಟಂತಾಯಿತು.

ಗೊಂದಲ ಹುಟ್ಟಿದ್ದು ಪರೀಕ್ಷಾ ಕೊಠಡಿಯಲ್ಲಿ. ನಮ್ಮ ಕಡೆ ಮಾಲ್‌ಪ್ರಾಕ್ಟೀಸ್ ಅಂದರೆ ಚೀಟಿ ಇಟ್ಟು ಕಾಪಿ ಹೊಡೆಯುವುದು, ಸ್ಕ್ವಾಡ್ ಕೈಗೆ ಸಿಕ್ಕಿ ಡಿಬಾರ್ ಆಗುವುದು. ಬೇಕೆಂದೇ ಮಾಡಿದ ಮೋಸ ಅದು. ವೈದ್ಯಕೀಯದಲ್ಲಿ ಅದೇ ಪದಕ್ಕೆ ಮೋಸದ ಅರ್ಥ ಇರಬೇಕಾಗಿಲ್ಲ. ಮೂಲದಲ್ಲಿರುವುದು ಲ್ಯಾಟಿನ್ನಿನ ‘ಮಾಲುಸ್’, ಕೆಟ್ಟ ಎಂದರ್ಥ. ಮಲೇರಿಯಾ ಎಂಬ ಹೆಸರು ಇಟಾಲಿಯನ್ನಿನ ‘ಮಾಲಾ ಆರಿಯಾ’ದಿಂದ, ಅಂದರೆ ಕೆಟ್ಟ ಗಾಳಿಯಿಂದ ಬಂತು. ಅಲ್ಲಿ ಗಾಳಿಗೆ ದುರುದ್ದೇಶವಿತ್ತೆಂದು ಯಾರೂ ಹೇಳುವುದಿಲ್ಲ. 18ನೇ ಶತಮಾನದ ಇಂಗ್ಲಿಷ್ ನ್ಯಾಯವೇತ್ತ ಬ್ಲ್ಯಾಕ್‌ಸ್ಟೋನ್ ‘ಮಾಲಾ ಪ್ರಾಕ್ಸಿಸ್’ ಎಂದು ಬಳಸಿದ್ದು ವೈದ್ಯನ ಅಲಕ್ಷ್ಯದಿಂದಲೋ ಕೌಶಲವಿಲ್ಲದ ಚಿಕಿತ್ಸೆಯಿಂದಲೋ ರೋಗಿಗಾದ ಹಾನಿಗೆ. ಅದು ನಂಬಿಕೆ ಮುರಿಯುವ ಕೆಲಸ ಎಂದು ಆತ ಕಾರಣ ಕೊಟ್ಟ.

ಕೌಶಲ ಸಾಲದ್ದಕ್ಕೆ ನಮ್ಮಲ್ಲೇ ಒಳ್ಳೆಯ ಮಾತಿದೆ: ಅಚಾತುರ್ಯ. ಆದರೆ ‘ಏನೋ ಅಚಾತುರ್ಯ ಆಗಿಹೋಯ್ತು’ ಎನ್ನುವಾಗ ಕ್ಷಮಿಸಿಬಿಡಿ ಎಂಬ ಭಾವವೂ ಜೊತೆಗೆ ಬರುತ್ತದೆ. ಕಾನೂನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಗ್ರಾಹಕ ಆಯೋಗದ ಕನ್ನಡದಲ್ಲಿ ಇದು ‘ವೈದ್ಯಕೀಯ ನಿರ್ಲಕ್ಷ್ಯ’, ‘ಸೇವಾ ನ್ಯೂನತೆ’. ಆಪರೇಷನ್ ಫಲಿಸದಿದ್ದರೆ ಅದಷ್ಟೇ ನಿರ್ಲಕ್ಷ್ಯವಲ್ಲ. ಆ ವಿಭಾಗದ ಸಾಧಾರಣ ವೈದ್ಯರೊಬ್ಬರು ವಹಿಸುವಷ್ಟು ಎಚ್ಚರ ಇತ್ತೇ ಎಂಬುದು ಅಳತೆ. ಹೊಟ್ಟೆಯೊಳಗೆ ಗಾಜ್ ಬಟ್ಟೆ ಉಳಿದಿದ್ದರೆ ಹೆಚ್ಚು ವಾದ ಬೇಕಾಗುವುದಿಲ್ಲ.

ಪಾಲಿಸಿ ಕಾಗದದ ಮೇಲೆ ಇರುವ ಹೆಸರು ‘ಪ್ರೊಫೆಷನಲ್ ಇಂಡೆಮ್ನಿಟಿ’. ಎಫ್‌ಡಿ ರಸೀದಿ ಕಳೆದಾಗ ಬ್ಯಾಂಕಿನವರು ಛಾಪಾ ಕಾಗದದಲ್ಲಿ ಬರೆಸಿಕೊಳ್ಳುವ ಇಂಡೆಮ್ನಿಟಿ ಬಾಂಡಿನ ಪದವೇ ಇದು. ಕನ್ನಡದಲ್ಲಿ ನಷ್ಟಭರ್ತಿ. ‘ಭರ್ತಿ’ ಎಂಬುದನ್ನು ಗಮನಿಸಿ. ಕೋಲಾರದ ಕಡೆ ಕೆರೆ ಭರ್ತಿಯಾಯಿತು ಎನ್ನುತ್ತಾರಲ್ಲ, ಅದೇ ಭರ್ತಿ. ಇಲ್ಲಿ ಆದ ನಷ್ಟದಷ್ಟು ತುಂಬುತ್ತದೆ, ಕೋಡಿ ಬೀಳುವಷ್ಟು ತುಂಬುವುದಿಲ್ಲ. ತುಂಬುವುದೂ ವೈದ್ಯರ ನಷ್ಟವನ್ನು. ‘ಡಾಕ್ಟರಿಗೆ ಇನ್ಶೂರೆನ್ಸ್ ಇದೆಯಲ್ಲ, ಕೊಡಿಸಿಬಿಡಿ’ ಎಂದು ಆಸ್ಪತ್ರೆ ಮುಂದೆ ಪಂಚಾಯಿತಿ ಸೇರಿಸುವವರು ಮರೆಯುವುದು ಇದನ್ನೇ. ಇದು ರೋಗಿಯ ಆರೋಗ್ಯ ವಿಮೆಯಲ್ಲ. ಪರಿಹಾರ ಕೊಡಬೇಕಾದ ಕಾನೂನಿನ ಹೊಣೆ ವೈದ್ಯರ ಮೇಲೆ ಬಿದ್ದಾಗ ಆ ಮೊತ್ತವನ್ನೂ ವಕೀಲರ ಖರ್ಚನ್ನೂ ಕಂಪನಿ ಹೊರುತ್ತದೆ. ಹಾಗಾಗಿ ‘ವೃತ್ತಿ ಹೊಣೆ ವಿಮೆ’ ಎಂದರೆ ಅರ್ಥ ನೇರವಾಗಿ ಮುಟ್ಟುತ್ತದೆ.

ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯ ‘ಸೇವೆ’ಯೇ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಸಣ್ಣ ಊರಿನ ಕ್ಲಿನಿಕ್ಕಿಗೂ ಈ ಪಾಲಿಸಿ ಬೇಕಾಗಿರುವುದಕ್ಕೆ ಆ ತೀರ್ಪೂ ಒಂದು ಕಾರಣ.

ಹೆಚ್ಚು ಜನ ಎಡವುವುದು ‘ಕ್ಲೇಮ್ಸ್ ಮೇಡ್’ ಎಂಬ ಎರಡು ಪದಗಳಲ್ಲಿ. ಆಪರೇಷನ್ ಮಾಡಿದ ದಿನದ ಪಾಲಿಸಿ ಅಲ್ಲ, ಕ್ಲೇಮು ಬಂದ ದಿನ ಚಾಲ್ತಿಯಲ್ಲಿರುವ ಪಾಲಿಸಿ ಹಣ ಕೊಡುತ್ತದೆ. ಜೊತೆಗೆ ಆಪರೇಷನ್ ‘ರೆಟ್ರೋಆಕ್ಟಿವ್ ದಿನಾಂಕ’ದ, ಅಂದರೆ ಸತತವಾಗಿ ನವೀಕರಿಸುತ್ತ ಬಂದ ಪಾಲಿಸಿ ಮೊದಲು ಶುರುವಾದ ದಿನದ, ನಂತರ ಆಗಿರಬೇಕು. ತುಮಕೂರಿನ ಒಬ್ಬ ಸರ್ಜನ್ 2021ರ ಏಪ್ರಿಲ್‌ನಿಂದ ಪಾಲಿಸಿ ಕಟ್ಟುತ್ತಿದ್ದಾರೆ ಎನ್ನಿ. 2024ರ ಫೆಬ್ರವರಿಯ ಆಪರೇಷನ್‌ಗೆ 2026ರ ಜನವರಿಯಲ್ಲಿ ನೋಟಿಸ್ ಬಂತು. ಸತತವಾಗಿ ನವೀಕರಿಸಿದ್ದರೆ ರಕ್ಷಣೆ ಇದೆ. 2025ರಲ್ಲಿ ಒಂದು ತಿಂಗಳು ಬಿಟ್ಟು, ಮೇ ತಿಂಗಳಲ್ಲಿ ಹೊಸ ಪಾಲಿಸಿ ಎಂದು ಬರೆಸಿದ್ದರೆ ರೆಟ್ರೋಆಕ್ಟಿವ್ ದಿನಾಂಕವೂ ಆ ಮೇ ತಿಂಗಳೇ ಆಗಿರುತ್ತದೆ, ಹಿಂದಿನ ನಾಲ್ಕು ವರ್ಷ ಕಟ್ಟಿದ ಪ್ರೀಮಿಯಂ ಈ ಕೇಸಿಗೆ ಉಪಯೋಗಕ್ಕೆ ಬರುವುದಿಲ್ಲ. ಕಂಪನಿ ಬದಲಾಯಿಸುವಾಗಲೂ ಹಳೆಯ ದಿನಾಂಕವನ್ನು ಹೊಸ ಪಾಲಿಸಿಯ ಷೆಡ್ಯೂಲಿನಲ್ಲಿ (ವಿವರಪಟ್ಟಿಯಲ್ಲಿ) ಬರೆಸಿಕೊಳ್ಳಬೇಕು. ಏಜೆಂಟರ ಬಾಯಿಮಾತು ಸಾಲದು. ನಿವೃತ್ತರಾದ ವರ್ಷವೇ ಪಾಲಿಸಿ ನಿಲ್ಲಿಸುವವರು ಹಳೆಯ ರೋಗಿಗಳ ನೋಟಿಸಿಗೆ ಬರಿಗೈಯಲ್ಲಿ ನಿಲ್ಲುತ್ತಾರೆ.

ಇನ್ನೊಂದು, ‘50 ಲಕ್ಷದ ಪಾಲಿಸಿ’ ಎಂಬ ಮಾತು. ಒಂದು ಘಟನೆಗೆ ಎಷ್ಟು, ಇಡೀ ವರ್ಷಕ್ಕೆ ಎಷ್ಟು ಎಂಬ ಅನುಪಾತವನ್ನು ಷೆಡ್ಯೂಲಿನಲ್ಲಿ ನೋಡಬೇಕು. 1:1 ಇದ್ದರೆ ಒಂದೇ ಕೇಸಿಗೆ ಪೂರ್ತಿ 50 ಲಕ್ಷದವರೆಗೆ ಸಿಗುತ್ತದೆ. 1:4 ಇದ್ದರೆ ಒಂದು ಕೇಸಿಗೆ ಹನ್ನೆರಡೂವರೆ ಲಕ್ಷ ಮಾತ್ರ. ಸಾಮಾನ್ಯವಾಗಿ ವಕೀಲರ ಖರ್ಚೂ ಅದರೊಳಗೇ ಕಳೆಯುತ್ತದೆ. ಕ್ಲೇಮಿನ ಮೊತ್ತದಲ್ಲಿ ಎಕ್ಸೆಸ್ ಎಂದು ಬರೆದಿರುವ ಮೊದಲ ಭಾಗವನ್ನು ವೈದ್ಯರೇ ಕೊಡಬೇಕು.

ಬೆಂಗಳೂರಿನಿಂದ ವಾರಕ್ಕೊಮ್ಮೆ ಚಿಂತಾಮಣಿಗೋ ಗೌರಿಬಿದನೂರಿಗೋ ಬಂದು ಹೋಗುವ ವೈದ್ಯರ ಪಾಲಿಸಿ ಅವರನ್ನಷ್ಟೇ ಕಾಯುತ್ತದೆ. ನೋಟಿಸಿನಲ್ಲಿ ನರ್ಸಿಂಗ್ ಹೋಮಿನ ಹೆಸರೂ ಇರುತ್ತದೆ, ಆ ಸಂಸ್ಥೆಗೆ, ಅಲ್ಲಿನ ನರ್ಸು, ಟೆಕ್ನಿಷಿಯನ್‌ಗಳ ತಪ್ಪಿಗೆ, ಬೇರೆಯೇ ಪಾಲಿಸಿ ಬೇಕು. ‘ಡಾಕ್ಟರದ್ದು ಇದೆ’ ಎಂದು ಸುಮ್ಮನಿರುವ ಮಾಲೀಕರು ತಮ್ಮ ಪಾಲನ್ನು ತಾವೇ ತೆರಬೇಕಾಗುತ್ತದೆ.

ವೈದ್ಯರಲ್ಲದವರಿಗೂ ಈ ವಿಮೆ ಇದೆ. ಕಾಲಂಗೆ ಹಾಕಬೇಕಾದ ಕಬ್ಬಿಣದ ಲೆಕ್ಕವನ್ನು ತಪ್ಪಾಗಿ ಹಾಕಿದ ಎಂಜಿನಿಯರಿಗೆ ಅನ್ವಯಿಸುತ್ತದೆ, ಕಳಪೆ ಸಿಮೆಂಟ್ ಹಾಕಿದ ಗುತ್ತಿಗೆದಾರರಿಗಲ್ಲ. ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಯ ರಿಟರ್ನ್ ತಪ್ಪಾಗಿ ಸಲ್ಲಿಸಿ ನಷ್ಟ ಮಾಡಿದ ಲೆಕ್ಕಪರಿಶೋಧಕರಿಗೂ ಅನ್ವಯಿಸುತ್ತದೆ. ವಕೀಲರು ಗ್ರಾಹಕ ಕಾಯ್ದೆಗೆ ಒಳಪಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ, ಆದರೂ ಸಿವಿಲ್ ದಾವೆಯ ದಾರಿ ತೆರೆದೇ ಇದೆ.

ನೋಟಿಸ್ ಬಂದ ದಿನವೇ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಕೇಸ್ ಷೀಟು, ಒಪ್ಪಿಗೆ ಪತ್ರ, ಅರಿವಳಿಕೆ ದಾಖಲೆಗಳನ್ನು ಇದ್ದಂತೆಯೇ ತೆಗೆದಿಡಬೇಕು. ನಂತರ ಒಂದು ಸಾಲು ಸೇರಿಸಿದರೂ ಇಡೀ ದಾಖಲೆಯ ಮೇಲಿನ ನಂಬಿಕೆ ಹೋಗುತ್ತದೆ. ಕಂಪನಿಯ ಒಪ್ಪಿಗೆ ಪಡೆಯದೆ ‘ನನ್ನದೇ ತಪ್ಪು’ ಎಂದು ಬರೆದುಕೊಡುವುದಾಗಲಿ, ರಾಜಿ ಹಣ ಕೊಡುವುದಾಗಲಿ ಪಾಲಿಸಿಯ ಷರತ್ತನ್ನು ಮುರಿದಂತೆ. ಗ್ರಾಹಕ ಆಯೋಗದ ನೋಟಿಸ್ ಬಂದಿದ್ದರೆ ಉತ್ತರ ಸಲ್ಲಿಸಲು 30 ದಿನ, ಆಯೋಗ ಒಪ್ಪಿದರೆ ಇನ್ನೂ 15. ಅದರಾಚೆ ಒಂದು ದಿನವೂ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಖಚಿತಪಡಿಸಿದೆ.