ಕಾಗದದಲ್ಲೇ ಉಳಿದ ಕಟ್ಟಡವನ್ನು ಗೇಮ್ ಎಂಜಿನ್‌ನಲ್ಲಿ ಎಬ್ಬಿಸುವುದು

ನಕ್ಷೆಯಾಗಿಯೇ ಉಳಿದುಹೋದ ಕಟ್ಟಡಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಫ್ರಾನ್ಸ್‌ನ ವಾಸ್ತುಶಿಲ್ಪಿ ಎಟಿಯೆನ್-ಲೂಯಿ ಬುಲೆ 1784ರಲ್ಲಿ ಬರೆದ ನ್ಯೂಟನ್ ಸ್ಮಾರಕ. ಸುಮಾರು 150 ಮೀಟರ್ ಎತ್ತರದ ಪೊಳ್ಳು ಗೋಳ. ತಳದಲ್ಲಿ ಸಮಾಧಿ. ಮೇಲಿನ ಗೋಡೆಯಲ್ಲಿ ಸಣ್ಣ ಸಣ್ಣ ತೂತುಗಳು. ಹೊರಗೆ ಹಗಲಿದ್ದಾಗ ಒಳಗೆ ಚುಕ್ಕಿ ತುಂಬಿದ ರಾತ್ರಿ ಕಾಣಬೇಕು ಅನ್ನೋದು ಅವನ ಆಸೆ. ಇವತ್ತು ಲ್ಯಾಪ್‌ಟಾಪ್‌ನಲ್ಲಿ ಗೊಡೊ ಎಂಬ ಗೇಮ್ ಎಂಜಿನ್ (ವಿಡಿಯೊ ಗೇಮ್ ಕಟ್ಟುವ ಸಾಫ್ಟ್‌ವೇರ್) ಹಾಕಿಕೊಂಡರೆ ಸಾಕು, ನಾವು ಅದರೊಳಗೆ ಓಡಾಡಬಹುದು.

ಮೊದಲು ಅಳತೆ ನೋಡಿಕೊಳ್ಳಿ. ಗೊಡೊ, ಯೂನಿಟಿ ಎಂಬ ಎಂಜಿನ್ ಎರಡರಲ್ಲೂ ಒಂದು ಯೂನಿಟ್ ಅಂದರೆ ಒಂದು ಮೀಟರ್. ಅನ್‌ರಿಯಲ್ ಎಂಬ ಇನ್ನೊಂದು ಎಂಜಿನ್‌ನಲ್ಲಿ ಒಂದು ಸೆಂಟಿಮೀಟರ್. ನಮ್ಮ ಕಣ್ಣಿನ ಬದಲಿಗಿರುವ ಕ್ಯಾಮೆರಾ ನೆಲದಿಂದ 1.6 ಮೀಟರ್ ಮೇಲಿರಲಿ. ಇಷ್ಟಾದರೂ ಖಾಲಿ ಗೋಳದಲ್ಲಿ ನಿಂತಾಗ ಅದು ಎಷ್ಟು ದೊಡ್ಡದು ಅಂತ ಕಣ್ಣಿಗೆ ಹೊಳೆಯುವುದಿಲ್ಲ. ಪಕ್ಕದಲ್ಲಿ ಗೊತ್ತಿರುವ ಒಂದು ಕಟ್ಟಡ ಬೇಕು. ಬೀದರಿನವರಿಗೆ ಮಹಮೂದ್ ಗವಾನ್ ಮದರಸಾದ ಮಿನಾರ್ ಇದೆಯಲ್ಲ! ಎತ್ತರ ಸುಮಾರು 40 ಮೀಟರ್. ಅಷ್ಟೇ ಎತ್ತರದ ಒಂದು ಸಿಲಿಂಡರ್ ಮಾಡಿ ಗೋಳದೊಳಗೆ ನಿಲ್ಲಿಸಿ. ಅಂಥ ಮೂರನ್ನು ಒಂದರ ಮೇಲೊಂದು ಇಟ್ಟರೂ ಮೇಲೆ ಇನ್ನೂ 30 ಮೀಟರ್ ಉಳಿಯುತ್ತದೆ. ಬುಲೆ ಏನು ಬಯಸಿದ್ದ ಅನ್ನೋದು ಆಗ ಮೈಗೆ ತಟ್ಟುತ್ತದೆ.

ಇನ್ನು ಚುಕ್ಕಿಗಳು. ಇಲ್ಲೇ ನಿಜವಾದ ಪಾಠ ಇರೋದು. ಗೋಡೆ 4 ಮೀಟರ್ ದಪ್ಪ, ತೂತು 10 ಸೆಂಟಿಮೀಟರ್ ಅಗಲ ಅಂತ ಇಟ್ಟುಕೊಳ್ಳಿ. ಅದು ಬರೀ ತೂತಲ್ಲ, ಉದ್ದನೆಯ ಕೊಳವೆ. ಕೊಳವೆಯ ನೇರಕ್ಕೆ ಕಣ್ಣಿಟ್ಟರೆ ಮಾತ್ರ ಆಚೆಯ ಆಕಾಶ ಕಾಣುತ್ತದೆ. ಒಂದೂವರೆ ಡಿಗ್ರಿ ಓರೆಯಾದರೂ ಮುಚ್ಚಿಹೋಗುತ್ತದೆ. ಎಲ್ಲ ತೂತುಗಳನ್ನೂ ಗೋಳದ ಕೇಂದ್ರದ ಕಡೆಗೆ ಕೊರೆದರೆ ಅವೆಲ್ಲ ಒಟ್ಟಿಗೆ ಕಾಣುವ ಜಾಗ ನೆಲದಿಂದ 75 ಮೀಟರ್ ಮೇಲೆ, ಗಾಳಿಯಲ್ಲಿ! ಕೆಳಗೆ ಸಮಾಧಿಯ ಹತ್ತಿರ ನಿಂತವರಿಗೆ ನೆತ್ತಿಯ ಮೇಲಿನ ಚುಕ್ಕಿಯೊಂದೇ ಕಂಡೀತು. ಹಾಗಾದರೆ ಪ್ರತಿ ಕೊಳವೆಯನ್ನೂ ಸಮಾಧಿಯತ್ತ ತಿರುಗಿಸಬೇಕು. ಆಗಲೂ ಹತ್ತು ಹೆಜ್ಜೆ ಪಕ್ಕಕ್ಕೆ ಹೋದರೆ ಆಕಾಶವೇ ಆರಿಹೋಗುತ್ತದೆ. ಕೊಳವೆಯ ಒಳಬಾಯಿಯನ್ನು ಲಾಳಿಕೆಯ ಹಾಗೆ ಅಗಲ ಮಾಡಿ ನೋಡಿ, ಚುಕ್ಕಿಗಳು ಜಾಸ್ತಿ ದೂರದವರೆಗೆ ಜೊತೆಗಿರುತ್ತವೆ. ಚಿತ್ರ ನೋಡುವಾಗ ಈ ಪ್ರಶ್ನೆ ಏಳುವುದೇ ಇಲ್ಲ. ನಡೆದಾಡಲು ಶುರುಮಾಡಿದ ಕೂಡಲೇ ಏಳುತ್ತದೆ.

ಪರದೆಯ ತಕರಾರು ಬೇರೆ. 1920 ಪಿಕ್ಸೆಲ್ ಅಗಲದ ಪರದೆ, 90 ಡಿಗ್ರಿ ನೋಟ ಇದ್ದರೆ 150 ಮೀಟರ್ ದೂರದ ಆ ತೂತು ಒಂದು ಪಿಕ್ಸೆಲ್‌ಗಿಂತಲೂ ಚಿಕ್ಕದು. ಕ್ಯಾಮೆರಾ ಅಲುಗಿದಾಗಲೆಲ್ಲ ಮಿಣುಕುತ್ತದೆ. ತೂತಿನ ಬಾಯಿಗೆ ಎಮಿಶನ್ ಇರುವ, ಅಂದರೆ ತಾನೇ ಬೆಳಗುವ, ತೂತಿಗಿಂತ ದೊಡ್ಡದಾಗಿ ಒಂದೆರಡು ಪಿಕ್ಸೆಲ್ ತುಂಬುವ ಬಿಲ್ಲೆ ಅಂಟಿಸಿದರೆ ಮಿಣುಕು ತಗ್ಗುತ್ತದೆ. ಆದರೆ ಅದು ಬುಲೆಯ ಬೆಳಕಲ್ಲ, ನಾವು ಹಚ್ಚಿದ ದೀಪ. ಅದನ್ನು ಫೈಲ್‌ನಲ್ಲೇ ಬರೆದಿಡಿ. ನಮ್ಮ ಊಹೆ ಯಾವುದು, ನಕ್ಷೆಯಲ್ಲಿದ್ದದ್ದು ಯಾವುದು ಅಂತ ನೋಡುವವರಿಗೆ ತಿಳಿಯಲೇಬೇಕು. ಊಹೆಯ ಭಾಗಕ್ಕೆಲ್ಲ ನಾನು ಬೂದು ಬಣ್ಣ ಕೊಡುತ್ತೇನೆ.

ಇದನ್ನೇ ಮದರಸಾದ ಮೇಲೂ ಅಭ್ಯಾಸ ಮಾಡಬಹುದು. 1472ರಲ್ಲಿ ಕಟ್ಟಿದ್ದು. ಔರಂಗಜೇಬನ ಕಾಲದಲ್ಲಿ ಸಿಡಿಮದ್ದು ಸ್ಫೋಟಿಸಿ ಮುಂಭಾಗದ ಒಂದು ಪಕ್ಕವೂ ಇನ್ನೊಂದು ಮಿನಾರೂ ಹೋದವು. ಉಳಿದ ಮಿನಾರನ್ನು ಕನ್ನಡಿ ಹಿಡಿದಂತೆ ಆಚೆ ಬದಿಗೆ ನಕಲು ಮಾಡಿದರೆ ಆಕಾರ ಸಿಗುತ್ತದೆ. ಅದರ ಮೈಮೇಲಿನ ಟೈಲ್ಸ್ ವಿನ್ಯಾಸವನ್ನು ಮಾತ್ರ ಸುಮ್ನೆ ನಕಲು ಮಾಡಬೇಡಿ. ಆಚೆಯದರಲ್ಲೂ ಅದೇ ಇತ್ತು ಅನ್ನಲು ಆಧಾರ ಸಿಗುವವರೆಗೆ ಆ ಮಿನಾರ್ ಬೂದು ಬಣ್ಣದಲ್ಲೇ ಇರಲಿ.