ಪೈಲೋರಿಕ್ ಸ್ಟೆನೋಸಿಸ್: ಸಡಿಲಗೊಳ್ಳಲೊಲ್ಲದ ಸ್ನಾಯು

‘ಸ್ಟೆನೋಸಿಸ್’ ಎಂದರೆ ಕಿರಿದಾಗುವಿಕೆ ಎಂದು ಉರುಹೊಡೆದವರಿಗೆ ಎಳೆಶಿಶುಗಳಲ್ಲಿ ಜಠರದ ಹೊರದ್ವಾರದ ಸ್ನಾಯು ದಪ್ಪವಾಗಿ ಹಾಲಿಗೆ ತಡೆಯೊಡ್ಡುವ ಈ ರೋಗ ಕಟ್ಟಿಕೊಂಡ ನಲ್ಲಿಯಂತೆ ತೋರುತ್ತದೆ. ನನಗೂ ಮೊದಲು ಹಾಗೆಯೇ ತೋರಿತ್ತು. ಸ್ನಾಯುವಿನ ಕಡೆಯಿಂದ ಓದಿದರೆ ಲಕ್ಷಣಗಳು ತಾವಾಗಿಯೇ ನೆನಪಿನಲ್ಲಿ ಉಳಿಯುತ್ತವೆ.

ಜಠರದ ಗೋಡೆಯಲ್ಲಿರುವ ಕಹಾಲ್ ಕೋಶಗಳು ನಿಮಿಷಕ್ಕೆ ಸುಮಾರು 3 ಬಾರಿ ನಿಧಾನಗತಿಯ ವಿದ್ಯುತ್ ಅಲೆಯನ್ನು ಹುಟ್ಟಿಸುತ್ತವೆ. ಅಲೆ ಕೆಳಗಿಳಿದು ಬಂದಾಗ ಪೈಲೋರಸ್, ಅಂದರೆ ಜಠರ ಕರುಳಿಗೆ ತೆರೆಯುವ ಬಾಯಿಯ ಸ್ನಾಯು ಸಡಿಲಗೊಂಡು ದಾರಿ ಬಿಡಬೇಕು; ಹಾಗೆ ಸಡಿಲಗೊಳ್ಳಲು ನರತುದಿಗಳು ಬಿಡುಗಡೆ ಮಾಡುವ ನೈಟ್ರಿಕ್ ಆಕ್ಸೈಡ್ ಬೇಕು. ರೋಗಪೀಡಿತ ಶಿಶುಗಳ ಪೈಲೋರಸ್‌ನ ವೃತ್ತಾಕಾರದ ಸ್ನಾಯುಪದರದಲ್ಲಿ ಅದನ್ನು ತಯಾರಿಸುವ ಕಿಣ್ವದ ಕೊರತೆಯಿರುವುದು 1992ರಲ್ಲಿ ವರದಿಯಾಯಿತು. ಅಲ್ಲಿ ಕಹಾಲ್ ಕೋಶಗಳೂ ವಿರಳ. ಶಸ್ತ್ರಚಿಕಿತ್ಸೆಯಾಗಿ ಕೆಲವು ತಿಂಗಳು ಕಳೆದ ಬಳಿಕ ಈ ಕೋಶಗಳು ಮರಳಿ ಕಂಡದ್ದೂ ಇರುವುದರಿಂದ, ಕೊರತೆಯನ್ನೇ ಮೂಲಕಾರಣವೆಂದು ಪರೀಕ್ಷೆಯಲ್ಲಿ ಖಡಾಖಂಡಿತವಾಗಿ ಬರೆಯದಿರುವುದು ಒಳಿತು.

ಹೊಟ್ಟೆಯ ಚರ್ಮಕ್ಕೆ ಎಲೆಕ್ಟ್ರೋಡ್ ಅಂಟಿಸಿ ಮಾಡುವ ಎಲೆಕ್ಟ್ರೋಗ್ಯಾಸ್ಟ್ರೋಗ್ರಫಿಯಿಂದ ಅಲೆಗಳ ಲಯವನ್ನು ದಾಖಲಿಸಬಹುದು. ಲಯ ವೇಗವಾದರೆ ಟ್ಯಾಕಿಗ್ಯಾಸ್ಟ್ರಿಯಾ, ನಿಧಾನವಾದರೆ ಬ್ರಾಡಿಗ್ಯಾಸ್ಟ್ರಿಯಾ. ಸ್ನಾಯು ಎಷ್ಟು ಬಲವಾಗಿ ಹಿಂಡುತ್ತಿದೆ ಎಂಬುದನ್ನು ಮಾತ್ರ ಆ ಗೆರೆಗಳು ನೇರವಾಗಿ ಹೇಳಲಾರವು.

ಆ ಬಲವನ್ನು ಬರಿಗಣ್ಣಿನಿಂದಲೇ ಕಾಣಬಹುದು. ಮೂರರಿಂದ ಆರು ವಾರದ ಮಗು ತಾಯಿಯ ತೊಡೆಯ ಮೇಲೆ ಹಾಲು ಕುಡಿಯುತ್ತಿರುವಾಗ ಓರೆ ಬೆಳಕಿನಲ್ಲಿ ಹೊಟ್ಟೆಯನ್ನು ಗಮನಿಸಿದರೆ, ಎಡಪಕ್ಕೆಯ ಕೆಳಗೆ ಎದ್ದ ಉಬ್ಬೊಂದು ಚರ್ಮದಡಿ ಚೆಂಡು ಉರುಳಿದಂತೆ ಮೆಲ್ಲನೆ ಬಲಕ್ಕೆ ಸಾಗಿ ಅಡಗುತ್ತದೆ, ಮತ್ತೆ ಎಡದಲ್ಲೇ ಏಳುತ್ತದೆ. ಕೊನೆಗೆ ಹಾಲು ದೂರಕ್ಕೆ ಚಿಮ್ಮುತ್ತದೆ. ತಡೆ ಪಿತ್ತನಾಳದ ಬಾಯಿಗಿಂತ ಮೇಲಿರುವುದರಿಂದ ವಾಂತಿಯಲ್ಲಿ ಹಸಿರು ಇರುವುದಿಲ್ಲ; ಕಕ್ಕಿದ ಬೆನ್ನಿಗೇ ಮಗು ಮತ್ತೆ ಹಸಿದು ಅಳುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಸ್ನಾಯುವಿನ ದಪ್ಪ 3 ಮಿಲಿಮೀಟರ್ ಮೀರಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ವಾಂತಿಯೊಡನೆ ಹೈಡ್ರೋಕ್ಲೋರಿಕ್ ಆಮ್ಲ ನಷ್ಟವಾಗಿ ರಕ್ತ ಕ್ಷಾರೀಯವಾಗುತ್ತದೆ, ಕ್ಲೋರೈಡ್ ಮತ್ತು ಪೊಟ್ಯಾಸಿಯಂ ಇಳಿಯುತ್ತವೆ. ಕ್ಷಾರೀಯತೆ ಉಸಿರಾಟವನ್ನು ಕುಗ್ಗಿಸುವುದರಿಂದ, ಅದನ್ನು ಸರಿಪಡಿಸದೆ ಅರಿವಳಿಕೆ ಕೊಡಬಾರದು. ಇಲ್ಲಿ ತುರ್ತು ಇರುವುದು ಡ್ರಿಪ್‌ಗೆ, ಚಾಕುವಿಗಲ್ಲ.

ಜರ್ಮನ್ ಶಸ್ತ್ರವೈದ್ಯ ರಾಮ್‌ಸ್ಟೆಟ್ 1912ರಲ್ಲಿ ಪ್ರಕಟಿಸಿದ ಶಸ್ತ್ರಕ್ರಿಯೆಯಲ್ಲಿ ಒಳಪೊರೆಯನ್ನು ಮುಟ್ಟದೆ ಸ್ನಾಯುವನ್ನಷ್ಟೇ ಉದ್ದಕ್ಕೆ ಸೀಳಲಾಗುತ್ತದೆ. ದಾರಿ ತೆರೆದ ಮಾತ್ರಕ್ಕೆ ಜಠರದ ಚಲನೆ ಅಂದೇ ಹಳಿಗೆ ಬರುವುದಿಲ್ಲವಾದ್ದರಿಂದ, ಮೊದಲ ಒಂದೆರಡು ದಿನ ಮಗು ಕಕ್ಕಿದರೆ ಸೀಳು ಅಪೂರ್ಣವಾಯಿತೆಂದು ತೀರ್ಮಾನಿಸಬಾರದು.